ಮುಕ್ಕಾಲು ಇಂಚಿನ ಪೈಪಿಗೆ ಎಷ್ಟು ವೈರು?

ಕಳೆದ ತಿಂಗಳು ಒಂದು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗ ಹುಡುಗಿಯರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದು ಹಾಕುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಕೆಲವು ಮೇಸ್ತ್ರಿಗಳೂ, ಮನೆ ಕಟ್ಟಿಸುತ್ತಿರುವ ಇಬ್ಬರು ಮೂವರೂ ಬಂದು ಕೂತಿದ್ದರು. ಮಧ್ಯೆ ಕರೆಂಟು ಹೋಗಿ ಎಲ್ಲರೂ ನನ್ನನ್ನೇ ನೋಡಿ ನಕ್ಕ ಹತ್ತು ನಿಮಿಷವನ್ನು ಮಾತ್ರ ಬಿಟ್ಟಿದ್ದೇನೆ.

ಬಳೆ ಅಂಗಡಿಯಿಂದ ಶುರು ಮಾಡುತ್ತೇನೆ. ಅಲ್ಲಿ ಎರಡು-ನಾಲ್ಕು, ಎರಡು-ಆರು ಅಂತ ಸೈಜು ಇರುತ್ತದೆ ಅಲ್ವಾ? ಎರಡು-ನಾಲ್ಕು ಅಂದರೆ ಬಳೆಯ ಒಳಗಿನ ಅಡ್ಡಳತೆ 2 ಇಂಚು, ಅದರ ಮೇಲೆ ಇಂಚನ್ನು 16 ಭಾಗ ಮಾಡಿದರೆ 4 ಭಾಗ. ಬಳೆಗಾರ ಯಾರ ಮಣಿಕಟ್ಟನ್ನೂ ಅಳೆಯುವುದಿಲ್ಲ. ಕೈ ಹಿಡಿದು, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಗೆಣ್ಣಿನ ಹತ್ತಿರ ಒತ್ತಿ ನೋಡುತ್ತಾನೆ. ಹಾಕಿಕೊಂಡ ಮೇಲೆ ಬಳೆ ಮಣಿಕಟ್ಟಿನಲ್ಲಿ ಸಡಿಲವಾಗಿ ಆಡುತ್ತಿರುತ್ತದೆ, ಅಷ್ಟೂ ಜಾಗ ಖಾಲಿ. ಹಾಗಂತ ಚಿಕ್ಕ ಬಳೆ ತಗೊಂಡರೆ ಆಗುವುದಿಲ್ಲ. ಬಳೆ ಕೂರುವುದು ಮಣಿಕಟ್ಟಿನಲ್ಲಿ, ಆದರೆ ದಾಟಬೇಕಾದ್ದು ಗೆಣ್ಣನ್ನು.

ವೈರಿಂಗ್ ಪೈಪೂ ಹಾಗೆಯೇ. ಪೈಪಿನ ಬಾಯಿಗೆ ಕಣ್ಣಿಟ್ಟು ನೋಡಿದರೆ ಇನ್ನೂ ನಾಲ್ಕು ವೈರು ಹಿಡಿಯುತ್ತೆ ಅನ್ನಿಸುತ್ತದೆ. ಹಿಡಿಯುವುದೂ ನಿಜ. ಆದರೆ ಟೇಬಲ್ಲಿನಲ್ಲಿ ಬರೆದಿರುವ ಸಂಖ್ಯೆ ಎಷ್ಟು ಹಿಡಿಯುತ್ತದೆ ಅನ್ನುವುದರದ್ದಲ್ಲ, ಎಷ್ಟು ಎಳೆಯಬಹುದು ಅನ್ನುವುದರದ್ದು. ಇವತ್ತು ನಾನು ಹೇಳಬೇಕಾದ್ದು ಹೆಚ್ಚುಕಡಿಮೆ ಇಷ್ಟೇ. ಉಳಿದದ್ದೆಲ್ಲ ಲೆಕ್ಕ.

ಲೆಕ್ಕಕ್ಕೆ ಹೋಗುವ ಮೊದಲು ಅಳತೆಯ ಒಂದು ಗೊಂದಲ. ನಾವು ಬಾಯಲ್ಲಿ ಮುಕ್ಕಾಲು ಇಂಚು, ಒಂದು ಇಂಚು ಅನ್ನುತ್ತೇವೆ. ಪೈಪಿನ ಮೇಲೆ ಅಚ್ಚು ಹಾಕಿರುವುದು 20 ಎಂಎಂ, 25 ಎಂಎಂ. ಈ 20 ಅನ್ನುವುದು ಹೊರಗಿನ ಅಡ್ಡಳತೆ. ಬಳೆಯದ್ದು ಒಳಗಿನ ಅಳತೆ, ಪೈಪಿನದ್ದು ಹೊರಗಿನ ಅಳತೆ. ವೈರು ಹೋಗುವುದು ಒಳಗೆ. 20 ಎಂಎಂ ಮೀಡಿಯಂ ಪೈಪಿನ ಒಳಗೆ ನಿಮಗೆ ಸಿಗುವುದು ಸುಮಾರು 17 ಎಂಎಂ. ಹೆವಿ ತಗೊಂಡರೆ ಗೋಡೆ ದಪ್ಪ, ಒಳಗೆ ಇನ್ನೂ ಕಡಿಮೆ. ಹೆವಿ ಪೈಪ್ ಹಾಕಿದ್ದೀವಿ ಸಾರ್, ಆರಾಮಾಗಿ ಜಾಸ್ತಿ ವೈರು ಹಾಕಬಹುದು ಅಂತ ಒಬ್ಬ ಹುಡುಗ ನನಗೆ ಸೈಟಿನಲ್ಲಿ ಹೇಳಿದ್ದ. ಪೂರ್ತಿ ಉಲ್ಟಾ. ಹೆವಿ ಒಳ್ಳೆಯದೇ, ಮೋಲ್ಡ್ ಹಾಕುವಾಗ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವಾಗ, ಅದನ್ನು ಹೊರುವವರು ತುಳಿದರೂ ಚಪ್ಪಟೆ ಆಗುವುದಿಲ್ಲ. ಆದರೆ ಜಾಗ ಕಡಿಮೆ.

ಈಗ ಟೇಬಲ್ಲು. ನಾನು ಜೇಬಲ್ಲಿಟ್ಟುಕೊಂಡು ಓಡಾಡುವುದು ಕೇಂದ್ರ ಲೋಕೋಪಯೋಗಿ ಇಲಾಖೆಯದ್ದು, ಅಂದರೆ ಸಿಪಿಡಬ್ಲ್ಯೂಡಿ ತನ್ನ ಕಟ್ಟಡಗಳ ಒಳಗಿನ ವೈರಿಂಗಿಗೆ ಅಂತ ಮಾಡಿಕೊಂಡಿರುವ ಸ್ಪೆಸಿಫಿಕೇಶನ್ನಿನಲ್ಲಿ ಬರುವ ಟೇಬಲ್ಲು. ಎಡಗಡೆ ವೈರಿನ ಸೈಜು, ಮೇಲುಗಡೆ ಪೈಪಿನ ಸೈಜು, ಎರಡೂ ಸೇರುವ ಮನೆಯಲ್ಲಿ ಎಷ್ಟು ವೈರು ಅಂತ. ಮಗ್ಗಿ ಪುಸ್ತಕ ಓದಿದವರು ಇದನ್ನೂ ಓದಬಹುದು. ಬೋರ್ಡಿನ ಮೇಲೆ ಮೂರು ಸಾಲು ಬರೆದೆ, ನೀವೂ ಬರೆದುಕೊಳ್ಳಿ. ಒಂದೂವರೆ ಸ್ಕ್ವೇರ್ ಎಂಎಂ ವೈರಾದರೆ (ಇದು ಸಿಪ್ಪೆ ಬಿಟ್ಟು ಒಳಗಿನ ತಾಮ್ರದ ಅಡ್ಡಕೊಯ್ತದ ಅಳತೆ) 20ರ ಪೈಪಿಗೆ 5 ಮತ್ತು 4, 25ರ ಪೈಪಿಗೆ 10 ಮತ್ತು 8. ಎರಡೂವರೆಯಾದರೆ 20ಕ್ಕೆ 5 ಮತ್ತು 3, 25ಕ್ಕೆ 8 ಮತ್ತು 6. ನಾಲ್ಕು ಸ್ಕ್ವೇರಿನದ್ದಾದರೆ 20ಕ್ಕೆ 3 ಮತ್ತು 2, 25ಕ್ಕೆ 6 ಮತ್ತು 5.

ಯಾಕೆ ಎರಡೆರಡು ಸಂಖ್ಯೆ? ಪ್ರತಿ ಪೈಪಿನ ಕೆಳಗೂ ಎರಡು ಕಾಲಂ ಇವೆ, ಒಂದಕ್ಕೆ ಎಸ್, ಇನ್ನೊಂದಕ್ಕೆ ಬಿ ಅಂತ ಹೆಸರು. ಅವು ಏನು ಅಂತ ಟೇಬಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಆ ಸಣ್ಣ ಅಕ್ಷರವನ್ನು ಓದದೆ ನಾನು ಒಂದು ಗೋಡೆ ಒಡೆಸಿದ್ದೇನೆ, ಅದನ್ನೇ ಹೇಳಿಬಿಡುತ್ತೇನೆ.

ಸ್ವಂತವಾಗಿ ಕೆಲಸ ಹಿಡಿಯಲು ಶುರು ಮಾಡಿದ ಹೊಸತು. ಒಂದು ಮನೆ, ಮೇಲಿನ ಮಹಡಿ. ಡಿಬಿಯಿಂದ, ಅಂದರೆ ಮನೆಯ ಬ್ರೇಕರುಗಳೆಲ್ಲ ಇರುವ ಡಬ್ಬಿಯಿಂದ, ಅಡುಗೆಮನೆಯ ಬೋರ್ಡಿಗೆ ಎರಡೂವರೆಯ ಐದು ವೈರು ಹೋಗಬೇಕಿತ್ತು. ಟೇಬಲ್ ನೋಡಿದೆ. ಎರಡೂವರೆ, 20 ಎಂಎಂ, 5. ಸರಿ, ಮುಕ್ಕಾಲು ಇಂಚಿನ ಪೈಪು ಸಾಕು ಅಂತ ಹಾಕಿಸಿದೆ. ಪೈಪು ಡಿಬಿಯಿಂದ ಮೇಲೆ ಹೋಗಿ, ಸ್ಲ್ಯಾಬಿನಲ್ಲಿ ಒಂದು ಬೆಂಡು ತಿರುಗಿ, ಆಚೆ ಗೋಡೆಯಲ್ಲಿ ಇನ್ನೊಂದು ಬೆಂಡು ಇಳಿಯುತ್ತಿತ್ತು. ಪ್ಲಾಸ್ಟರಿಂಗ್ ಎಲ್ಲ ಮುಗಿದ ಮೇಲೆ ವೈರು ಎಳೆಯಲು ಹೋದರೆ ಎರಡನೇ ಬೆಂಡಿನಲ್ಲಿ ನಿಂತಿತು. ಇಬ್ಬರು ಎಳೆದರು, ಬರಲಿಲ್ಲ. ಪೌಡರ್ ಹಾಕಿ ಮೂವರು ಜಗ್ಗಿದರು, ಬಂತು. ಗೆದ್ದೆವು ಅಂದುಕೊಂಡು ಟೀ ಕುಡಿದೆವು. ಸಂಜೆ ಮೆಗ್ಗರ್, ಅಂದರೆ ಇನ್ಸುಲೇಶನ್ ಪರೀಕ್ಷಿಸುವ ಮೀಟರ್, ಹಾಕಿ ನೋಡಿದರೆ ಒಂದು ಫೇಸಿಗೂ ಅರ್ಥಿಗೂ ನಡುವೆ ಇನ್ಸುಲೇಶನ್ ಹೋಗಿದೆ. ಎಲ್ಲಾ ವಾಪಸ್ ಎಳೆದು ತೆಗೆದಾಗ ಕೆಂಪು ವೈರಿನ ಸಿಪ್ಪೆ ಒಂದು ಗೇಣಿನಷ್ಟು ಉದ್ದಕ್ಕೆ ಕೆತ್ತಿಹೋಗಿ ತಾಮ್ರ ಮಿನುಗುತ್ತಿತ್ತು, ಹಸಿರು ವೈರಿಗೂ ಅದೇ ಜಾಗದಲ್ಲಿ ಗಾಯ. ಗೋಡೆ ಕಟ್ ಮಾಡಿ ಒಂದು ಇಂಚಿನ ಪೈಪು ಹಾಕಿಸಿದೆ. ಪೈಪು, ಪ್ಲಾಸ್ಟರು, ಕೂಲಿ, ಎಲ್ಲಾ ನನ್ನ ಜೇಬಿನಿಂದ. ಮನೆಯವರು ಒಳ್ಳೆಯವರು, ಬೈಯಲಿಲ್ಲ, ಆದರೆ ಆಮೇಲೆ ಮೇಲಿನ ಮಹಡಿಯ ಕೆಲಸ ಕೊಡಲೂ ಇಲ್ಲ.

ನಾನು ಓದಿದ 5 ಎಸ್ ಕಾಲಮ್ಮಿನದ್ದು. ಕೆಳಗಿನ ಸಣ್ಣ ಅಕ್ಷರ ಹೇಳುವುದು ಇದು: ವೈರು ಎಳೆಯಲು ಅಂತ ಇಟ್ಟ ಒಂದು ಬಾಕ್ಸಿನಿಂದ ಇನ್ನೊಂದು ಬಾಕ್ಸಿಗೆ ದೂರ 4.25 ಮೀಟರಿಗಿಂತ ಜಾಸ್ತಿ ಇರಬಾರದು, ಪೈಪು ನೇರ ದಾರಿಯಿಂದ 15 ಡಿಗ್ರಿಗಿಂತ ಜಾಸ್ತಿ ತಿರುಗಿರಬಾರದು, ಆಗ ಎಸ್. ಅದಕ್ಕಿಂತ ಜಾಸ್ತಿ ತಿರುಗಿದರೆ ಬಿ. ನನ್ನ ಪೈಪು ಎರಡು ಸಲ ತೊಂಬತ್ತು ಡಿಗ್ರಿ ತಿರುಗಿತ್ತು. ಬಿ ಕಾಲಂ ನೋಡಿದ್ದರೆ 3 ಅಂತಿತ್ತು, 25ಕ್ಕೆ 6. ಅಂದರೆ ಅಲ್ಲಿ ಒಂದು ಇಂಚಿನ ಪೈಪೇ ಬೇಕಿತ್ತು ಅಂತ ಆ ಕಾಗದ ಮೊದಲೇ ಹೇಳಿತ್ತು.

ಈಗ ನೀವೇ ಯೋಚಿಸಿ, ಮನೆ ವೈರಿಂಗಿನಲ್ಲಿ 15 ಡಿಗ್ರಿಯೂ ತಿರುಗದ ಪೈಪು ಎಲ್ಲಿದೆ? ಬೋರ್ಡಿನಿಂದ ಸ್ಲ್ಯಾಬಿಗೆ ಹೋದರೆ ಒಂದು ಬೆಂಡು, ಸ್ಲ್ಯಾಬಿನಿಂದ ಇಳಿದರೆ ಇನ್ನೊಂದು. ಹಾಗಾಗಿ ನನ್ನ ಮಟ್ಟಿಗೆ ಮನೆಗಳಲ್ಲಿ ಎಸ್ ಕಾಲಂ ಇಲ್ಲವೇ ಇಲ್ಲ. ಅದರ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿಬಿಡಿ.

ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಈ ಸಂಖ್ಯೆಗಳು ಎಲ್ಲಾ ವೈರನ್ನೂ ಒಟ್ಟಿಗೆ, ಒಂದೇ ಸಲ ಎಳೆಯುವುದಕ್ಕೆ. ಇವತ್ತು ಮೂರು ಎಳೆದು, ಮುಂದಿನ ವರ್ಷ ಒಂದು ಸೇರಿಸಿ, ಅದರ ಮುಂದಿನ ವರ್ಷ ಇನ್ನೊಂದು ತುರುಕುವುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಯಾಕೆ ಅಂದರೆ, ಒಟ್ಟಿಗೆ ಹೋಗುವ ವೈರುಗಳು ಜೊತೆಜೊತೆಯಾಗಿ ಜಾರುತ್ತವೆ. ಸುಮ್ನೆ ಮಲಗಿರುವ ವೈರುಗಳ ಮೇಲೆ ಹೊಸದೊಂದು ಹೋದರೆ, ಬೆಂಡಿನಲ್ಲಿ ಅದು ಹಳೆಯದರ ಮೇಲೆ ಗರಗಸದ ಹಾಗೆ ಓಡಾಡುತ್ತದೆ. ಬಿಗಿಯಾಗಿ ಎಳೆದಷ್ಟೂ ಉಜ್ಜಿದ ಬಿಸಿಗೆ ಪಿವಿಸಿ ಮೆತ್ತಗಾಗಿ ಕೆತ್ತಿಬರುತ್ತದೆ. ತಿರುಚಿದ ಜಿಐ ತಂತಿಯಲ್ಲಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿಯಲ್ಲಿ, ಎಳೆದರಂತೂ ಕೇಳುವುದೇ ಬೇಡ.

ಹಾಗಾದರೆ ಒಂದು ರೂಮಿಗೆ ಲೆಕ್ಕ ಹಾಕೋಣ. ಮಲಗುವ ಕೋಣೆ. ಬಾಗಿಲ ಪಕ್ಕ ಒಂದು ಬೋರ್ಡು, ಅದರಿಂದ ಸೀಲಿಂಗಿಗೆ ಒಂದು ಪೈಪು. ಒಂದು ಫ್ಯಾನು, ಎರಡು ಲೈಟು, ಒಂದು ಝೀರೋ ಬಲ್ಬು. ಸ್ವಿಚ್ಚಿನಿಂದ ಮೇಲೆ ಹೋಗುವ ವೈರು ನಾಲ್ಕು. ನ್ಯೂಟ್ರಲ್ ಒಂದು, ಅರ್ಥ್ ಒಂದು. ಅರ್ಥನ್ನು ಬಿಟ್ಟು ಎಣಿಸುವ ಅಭ್ಯಾಸ ಕೆಲವರಿಗಿದೆ, ಅದರಲ್ಲಿ ಕರೆಂಟು ಹರಿಯುವುದಿಲ್ಲವಲ್ಲ ಅಂತ. ಹರಿಯದಿದ್ದರೇನು, ಜಾಗ ತಿನ್ನುವುದಿಲ್ಲವೇ? ಒಟ್ಟು ಆರು. ಒಂದೂವರೆ ಸ್ಕ್ವೇರ್, ಬಿ ಕಾಲಂ, 20ಕ್ಕೆ 4. ಆಗಲಿಲ್ಲ. 25ಕ್ಕೆ 8. ಆಯಿತು.

ಆಗ ಮನೆಯವರು ಬಂದು, ಮಂಚದ ಪಕ್ಕ ಒಂದು ಟೂ-ವೇ ಬೇಕಿತ್ತಲ್ಲ ಅನ್ನುತ್ತಾರೆ, ಅಂದರೆ ಒಂದೇ ಲೈಟನ್ನು ಎರಡು ಕಡೆಯಿಂದ ಹಾಕಿ ಆರಿಸುವ ಸ್ವಿಚ್ಚು. ಆ ಲೈಟಿನ ಒಂದು ವೈರಿನ ಬದಲು ಈಗ ಎರಡು ವೈರು ಆಚೆ ಬೋರ್ಡಿಗೆ ಹೋಗಬೇಕು. ಒಂದು ಹೋಯಿತು, ಎರಡು ಬಂತು, ಏಳು. ಅಲ್ಲೇ ಮೊಬೈಲ್ ಚಾರ್ಜಿಗೆ ಒಂದು ಸಾಕೆಟ್ಟು ಅಂದರೆ ಅದಕ್ಕೊಂದು ಫೇಸು, ಎಂಟು. ಪೈಪು ಭರ್ತಿ. ಇನ್ವರ್ಟರ್ ಲೈನು ಬೇರೆ ಬರಬೇಕು ಅಂದರೆ ಒಂಬತ್ತು, ಮುಗಿಯಿತು. ನೋಡಿ, ಯಾರೂ ದೊಡ್ಡದೇನೂ ಕೇಳಲಿಲ್ಲ. ಒಂದೊಂದೇ ಸೇರಿತು. ಅದಕ್ಕೇ ನಾನು ಮೋಲ್ಡಿಗೆ ಮೊದಲು ಮನೆಯವರನ್ನು ಪ್ರತಿ ರೂಮಿನಲ್ಲೂ ನಿಲ್ಲಿಸಿ, ಮಂಚ ಎಲ್ಲಿ, ಟಿವಿ ಎಲ್ಲಿ, ಇನ್ವರ್ಟರ್ ಎಲ್ಲಿ ಅಂತ ಕೇಳಿ, ವೈರು ಎಣಿಸಿ ಬರೆದುಕೊಂಡು, ಆಮೇಲೆ ಪೈಪಿಗೆ ಆರ್ಡರ್ ಕೊಡುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಕಾಲು ಅಳೆದೇ ಹಾಸಿಗೆ ತರಬೇಕು, ಯಾಕಂದರೆ ಹಾಸಿಗೆ ಕಾಂಕ್ರೀಟಿನೊಳಗೆ ಹೋಗುತ್ತದೆ. ಇಂಥ ರೂಮಿಗೆ ನಾನು 25ರದ್ದೊಂದು, 20ರದ್ದೊಂದು, ಎರಡು ಪೈಪು ಬಿಡುತ್ತೇನೆ. ಪೈಪಿನ ಖರ್ಚು ವೈರಿನ ಖರ್ಚಿನ ಮುಂದೆ ಏನೂ ಅಲ್ಲ.

ಎಸಿ ಪಾಯಿಂಟು ಇನ್ನೊಂದು. ಫೇಸು, ನ್ಯೂಟ್ರಲ್ಲು, ಅರ್ಥು, ಮೂರೂ ನಾಲ್ಕು ಸ್ಕ್ವೇರಿನವು. ನಮ್ಮೂರಲ್ಲಿ ಎಲ್ಲರೂ ಮುಕ್ಕಾಲು ಇಂಚಿನ ಪೈಪಿನಲ್ಲೇ ಎಳೆಯುತ್ತಾರೆ. ಟೇಬಲ್ ಪ್ರಕಾರ ಬೆಂಡು ಇದ್ದರೆ 2 ಮಾತ್ರ. ಎಳೆಯಲು ಬರುತ್ತದೆಯೇ ಅಂದರೆ ಬರುತ್ತದೆ, ನಾನೂ ಎಳೆದಿದ್ದೇನೆ. ಆದರೆ ಆ ವೈರನ್ನು ಮುಂದೊಂದು ದಿನ ಬದಲಿಸಬೇಕಾಗಿ ಬಂದಾಗ, ಸ್ಲ್ಯಾಬಿನ ಬಿಸಿಯಲ್ಲಿ ಹತ್ತು ಬೇಸಿಗೆ ಕಳೆದು ಗಟ್ಟಿಯಾಗಿರುವ ವೈರು ಹೊರಗೆ ಬರುತ್ತದೆಯೇ? 25 ಹಾಕಿ. 5ರವರೆಗೆ ಬಿಟ್ಟಿದ್ದಾರೆ.

ಇಲ್ಲಿ ಒಬ್ಬ ಹುಡುಗಿ ಎದ್ದು ಒಳ್ಳೆಯ ಪ್ರಶ್ನೆ ಕೇಳಿದಳು. ಸರ್, ಯೂಟ್ಯೂಬಿನಲ್ಲಿ ಪೈಪಿನ 40 ಪರ್ಸೆಂಟ್ ತುಂಬಿಸಬಹುದು ಅಂತಾರಲ್ಲ, ಆ ಲೆಕ್ಕದಲ್ಲಿ ನೀವು ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ವೈರು ಬರುತ್ತೆ ಅಂತ. ಹೌದು, ಬರುತ್ತದೆ. ಅದು ಅಮೆರಿಕದ ಲೆಕ್ಕ. ಅವರ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡು 1897ರಿಂದ ಇದೆ, ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ. ನಮ್ಮಲ್ಲೂ ಅದೇ ಹೆಸರಿನ ಬೇರೆ ಪುಸ್ತಕವಿದೆ, ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ್ದು, ಎರಡನ್ನೂ ಕಲಸಬೇಡಿ. ಅಮೆರಿಕದ ಪುಸ್ತಕದ 9ನೇ ಅಧ್ಯಾಯದ ಮೊದಲ ಟೇಬಲ್ಲಿನಲ್ಲಿ ಮೂರೇ ಸಂಖ್ಯೆ ಇವೆ. ಪೈಪಿನಲ್ಲಿ ಒಂದೇ ವೈರಾದರೆ ಒಳಗಿನ ಜಾಗದ 53 ಪರ್ಸೆಂಟು, ಎರಡಾದರೆ 31, ಎರಡಕ್ಕಿಂತ ಜಾಸ್ತಿಯಾದರೆ 40.

ಇದು ನೋಡಿದವರಿಗೆಲ್ಲ ತಲೆ ಕೆರೆಯುತ್ತದೆ. ಒಂದಕ್ಕೆ 53, ಮೂರಕ್ಕೆ 40, ನಡುವೆ ಎರಡಕ್ಕೆ ಯಾಕೆ 31ಕ್ಕೆ ಬಿತ್ತು? ಎರಡು ಒಂದೇ ಸೈಜಿನ ನಾಣ್ಯವನ್ನು ಪಕ್ಕಪಕ್ಕ ಇಟ್ಟು ಸುತ್ತ ಒಂದು ವೃತ್ತ ಎಳೆಯಿರಿ. ನಾಣ್ಯಗಳು ಎಷ್ಟೇ ಬಿಗಿಯಾಗಿ ಕೂತರೂ ವೃತ್ತದ ಅರ್ಧ ಜಾಗ ಖಾಲಿ. ಮೂರು ನಾಣ್ಯವನ್ನು ತ್ರಿಕೋನ ಇಟ್ಟು ವೃತ್ತ ಎಳೆದರೆ 64.6 ಪರ್ಸೆಂಟ್ ತುಂಬುತ್ತದೆ. ಅಂದರೆ ಎರಡು ವೈರು ದುಂಡಗಿನ ಪೈಪಿನಲ್ಲಿ ಸೋಮಾರಿಯಾಗಿ ಕೂರುತ್ತವೆ, ಮೂರು ಚೆನ್ನಾಗಿ ಒತ್ತಿಕೊಂಡು ಕೂರುತ್ತವೆ. ಈಗ 31ನ್ನು 50ರಿಂದ ಭಾಗಿಸಿ, 0.62. 40ನ್ನು 64.6ರಿಂದ ಭಾಗಿಸಿ, ಅದೂ 0.62. ಕೋಡು ಬರೆದವರು ಹೀಗೇ ಯೋಚಿಸಿದರು ಅಂತ ನಾನು ಹೇಳುತ್ತಿಲ್ಲ, ಒಂದು ರಾತ್ರಿ ಸುಮ್ನೆ ಲೆಕ್ಕ ಹಾಕಿದಾಗ ಸಿಕ್ಕಿದ್ದು. ಆದರೆ ಸಿಕ್ಕಾಗ ಖುಷಿಯಾಯಿತು.

ಅವರ ಲೆಕ್ಕ ಹಾಕುವ ರೀತಿ ಹೀಗೆ. ಒಂದು ಟೇಬಲ್ಲಿನಲ್ಲಿ ಪೈಪಿನ ಒಳಗಿನ ಜಾಗ, ಇನ್ನೊಂದರಲ್ಲಿ ಸಿಪ್ಪೆ ಸಮೇತ ವೈರಿನ ಜಾಗ. ಅರ್ಧ ಇಂಚಿನ ಇಎಂಟಿ, ಅಂದರೆ ತೆಳು ಸ್ಟೀಲ್ ಪೈಪು, ಅದರ ಒಳಗಿನ ಜಾಗದ 40 ಪರ್ಸೆಂಟು 0.122 ಚದರ ಇಂಚು. ಅರ್ಧ ಇಂಚು ಅನ್ನುವುದೂ ಹೆಸರಿಗಷ್ಟೇ, ಒಳಗಿನ ಅಡ್ಡಳತೆ 0.622 ಇಂಚು. ಟಿಎಚ್‌ಎಚ್‌ಎನ್ ಅನ್ನುವುದು ಅಲ್ಲಿನ ಒಂದು ಬಗೆಯ ವೈರು, ನಂಬರು ಇಳಿದಷ್ಟೂ ವೈರು ದಪ್ಪ. 12 ನಂಬರಿನದ್ದು, ನಮ್ಮ ಲೆಕ್ಕದಲ್ಲಿ 3.3 ಸ್ಕ್ವೇರ್ ಎಂಎಂ, ಅದರದ್ದು 0.0133. ಭಾಗಿಸಿದರೆ 9.17, ಅಂದರೆ 9 ವೈರು. ದಶಾಂಶಕ್ಕೆ ಒಂದು ವಿಚಿತ್ರ ನಿಯಮ ಇಟ್ಟಿದ್ದಾರೆ: ಎಲ್ಲಾ ಒಂದೇ ಸೈಜಿನ ವೈರಾಗಿದ್ದರೆ 0.8 ಅಥವಾ ಅದಕ್ಕಿಂತ ಜಾಸ್ತಿ ಬಂದಾಗ ಮೇಲಕ್ಕೆ ಏರಿಸಬಹುದು. ಇದೇ ಪೈಪಿಗೆ 10 ನಂಬರಿನ ವೈರು 5.78 ಬರುತ್ತದೆ, ಪಾಪ, 5ಕ್ಕೇ ನಿಲ್ಲಬೇಕು. ಮುಕ್ಕಾಲು ಇಂಚಿನ ಪೈಪಿಗೆ 8 ನಂಬರಿನದ್ದು 5.82, ಅದು 6 ಆಗುತ್ತದೆ.

ನಮ್ಮ 20 ಎಂಎಂ ಪೈಪಿಗೆ ಈ 40 ಪರ್ಸೆಂಟನ್ನು ಹಚ್ಚಿ ನೋಡಿ. ಒಳಗೆ 17 ಎಂಎಂ ಅಂದರೆ 227 ಚದರ ಎಂಎಂ, ಅದರ 40 ಪರ್ಸೆಂಟು ಸುಮಾರು 91. ಎರಡೂವರೆಯ ವೈರಿನ ಹೊರಗಿನ ಅಡ್ಡಳತೆ ಸುಮಾರು 3.7, ಜಾಗ 10.75. ಎಂಟು ವೈರು! ನಮ್ಮ ಟೇಬಲ್ಲು ಬೆಂಡಿದ್ದರೆ ಮೂರು ಅನ್ನುತ್ತದೆ. ಇಷ್ಟು ವ್ಯತ್ಯಾಸ ಯಾಕೆ? ಇದು ನನ್ನ ಅನುಭವದಿಂದ ಹೇಳುವ ಮಾತು. ಅವರ ಟಿಎಚ್‌ಎಚ್‌ಎನ್ ವೈರಿನ ಮೇಲೆ ನೈಲಾನ್ ಪದರ ಇರುತ್ತದೆ, ಜಾರುತ್ತದೆ. ನಮ್ಮದು ಬರೀ ಪಿವಿಸಿ, ಹಿಡಿದುಕೊಳ್ಳುತ್ತದೆ. ಅವರು ಎರಡು ಬಾಕ್ಸಿನ ನಡುವೆ ಒಟ್ಟು ತಿರುವು 360 ಡಿಗ್ರಿ ಮೀರಬಾರದು ಅಂತ, ಅಂದರೆ ನಾಲ್ಕು ಕಾಲುಸುತ್ತು ಬೆಂಡು, ಬೇರೆ ನಿಯಮ ಇಟ್ಟಿದ್ದಾರೆ. ನಮ್ಮವರು ಬೆಂಡನ್ನು ಕಾಲಮ್ಮಿನೊಳಗೇ ಸೇರಿಸಿಬಿಟ್ಟಿದ್ದಾರೆ. ಅದೂ ಅಲ್ಲದೆ ನಮ್ಮ ಪೈಪು ಕಾಂಕ್ರೀಟಿನಲ್ಲಿ ಹೂತುಹೋಗಿ, ಜಾಯಿಂಟಿನಲ್ಲಿ ಸಿಮೆಂಟ್ ಹಾಲು ಇಳಿದು, ಕಂಬಿಯ ಕೆಳಗೆ ಸಿಕ್ಕಿ ಒಂಚೂರು ಚಪ್ಪಟೆಯಾಗಿ ಇರುತ್ತದೆ. ಹಾಗಾಗಿ ಅಮೆರಿಕದ ಪರ್ಸೆಂಟನ್ನು ಮೈಸೂರಿನ ಸ್ಲ್ಯಾಬಿಗೆ ಹಾಕಬೇಡಿ. ಬೇರೆ ಬೇರೆ ಸೈಜಿನ ವೈರು ಒಂದೇ ಪೈಪಿನಲ್ಲಿ ಬಂದಾಗ ನಮ್ಮ ಟೇಬಲ್ಲಿನಲ್ಲಿ ನೇರ ಉತ್ತರ ಇಲ್ಲ. ಆಗ ನಾನು ಎಲ್ಲವೂ ಅದರಲ್ಲಿನ ದೊಡ್ಡ ಸೈಜಿನವೇ ಅಂದುಕೊಂಡು ಎಣಿಸುತ್ತೇನೆ.

ಆದರೆ ಅವರಿಂದ ಕಲಿಯಬೇಕಾದ್ದೂ ಇದೆ. ಒಂದು, ಸಿಕ್ಕಿಕೊಳ್ಳುವ ಲೆಕ್ಕ. ಪೈಪಿನ ಒಳಗಿನ ಅಳತೆಯನ್ನು ಒಂದು ವೈರಿನ ಹೊರಗಿನ ಅಳತೆಯಿಂದ ಭಾಗಿಸಿ. ಉತ್ತರ 2.8ರಿಂದ 3.2ರ ಒಳಗೆ ಬಂದು, ವೈರು ಮೂರಿದ್ದರೆ ಹುಷಾರು. ಬೆಂಡಿನಲ್ಲಿ ಮೂರೂ ಒಂದೇ ಸಾಲಿಗೆ ಬಂದು, ಇಕ್ಕಟ್ಟಾದ ಬಾಗಿಲಲ್ಲಿ ಮೂವರು ಒಟ್ಟಿಗೆ ನುಗ್ಗಿದ ಹಾಗೆ, ಅಡ್ಡ ನಿಂತುಬಿಡುತ್ತವೆ. ನಾಲ್ಕನೆಯದು ಇದ್ದಿದ್ದರೆ ಸಾಲಾಗಲು ಜಾಗವೇ ಇರುತ್ತಿರಲಿಲ್ಲ. ಮೀಟರಿನಿಂದ ಬರುವ ದಪ್ಪ ವೈರುಗಳಿಗೆ ಇದನ್ನು ನೋಡಿಕೊಳ್ಳಿ, ಒಂದೂವರೆಗೆ ಬೇಡ.

ಎರಡನೆಯದು ಬಿಸಿ. ಪೈಪಿನ ಟೇಬಲ್ಲು ಬಿಸಿಯ ಬಗ್ಗೆ ಏನೂ ಹೇಳುವುದಿಲ್ಲ, ಅದಕ್ಕೆ ಬೇರೆ ಟೇಬಲ್ಲು. ಅಮೆರಿಕದ ಮುಕ್ಕಾಲು ಇಂಚಿನ ಇಎಂಟಿಯಲ್ಲಿ 12 ನಂಬರಿನ ವೈರು 16 ಹಿಡಿಯುತ್ತದೆ ಅಂತ ಟೇಬಲ್ ಹೇಳುತ್ತದೆ. ಸರಿ, 16 ತುಂಬಿದಿರಿ ಅಂದುಕೊಳ್ಳಿ, ಎಲ್ಲದರಲ್ಲೂ ಕರೆಂಟ್ ಹರಿಯುತ್ತಿದೆ. ಕರೆಂಟ್ ಹರಿಯುವ ವೈರು ಮೂರಕ್ಕಿಂತ ಜಾಸ್ತಿಯಾದರೆ ಪ್ರತಿ ವೈರಿನಲ್ಲಿ ಹರಿಸಬಹುದಾದ ಆಂಪ್ಸ್ ಇಳಿಸಬೇಕು: 4ರಿಂದ 6ಕ್ಕೆ 80 ಪರ್ಸೆಂಟು, 7ರಿಂದ 9ಕ್ಕೆ 70, 10ರಿಂದ 20ಕ್ಕೆ 50. 30 ಆಂಪ್ಸ್ ಅಂತ ಶುರುವಾದ ವೈರು 15ಕ್ಕೆ ಬಂತು. ಅದಕ್ಕೆ 20 ಆಂಪ್ಸ್ ಬ್ರೇಕರ್ ಹಾಕುವ ಹಾಗಿಲ್ಲ. ಜಾಗ ಇತ್ತು, ಆದರೆ ವೈರಿನ ಅರ್ಧ ಶಕ್ತಿ ಹೋಯಿತು. ನಮ್ಮಲ್ಲೂ ವೈರುಗಳನ್ನು ಒತ್ತಾಗಿ ಹಾಕಿದರೆ, ಸುತ್ತಲಿನ ಬಿಸಿ ಜಾಸ್ತಿಯಿದ್ದರೆ ಆಂಪ್ಸ್ ಇಳಿಸಬೇಕು. ರಾಯಚೂರಿನ ಮೇ ತಿಂಗಳ ಸ್ಲ್ಯಾಬು ಹೇಗಿರುತ್ತದೆ ಅಂತ ಅಲ್ಲಿಯವರನ್ನು ಕೇಳಿ.

ಇನ್ನೊಂದು ಪುಟ್ಟ ಮಾತು, ಸ್ಟೀಲ್ ಪೈಪ್ ಹಾಕುವವರಿಗೆ ಮಾತ್ರ. ಫೇಸನ್ನು ಒಂದು ಪೈಪಿನಲ್ಲಿ, ಅದರ ನ್ಯೂಟ್ರಲ್ಲನ್ನು ಇನ್ನೊಂದರಲ್ಲಿ ಕಳಿಸಬೇಡಿ. ಪೈಪೇ ಬಿಸಿಯಾಗುತ್ತದೆ. ಜೊತೆಗೆ ಹೋದರೆ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಹೊಡೆದುಹಾಕುತ್ತದೆ. ಪೈಪು ಚಿಕ್ಕದಾಯಿತು ಅಂತ ಹಂಚಲು ಹೋಗಿ ಈ ತಪ್ಪು ಮಾಡುತ್ತಾರೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಕೇಳಿದರು. ನಮ್ಮದು ಹಳೇ ಮನೆ, ಪೈಪಿನಲ್ಲಿ ಆಗಲೇ ಐದು ವೈರಿದೆ, ಗೀಸರಿಗೆ ಹೊಸ ಲೈನ್ ಬೇಕು, ಎಲೆಕ್ಟ್ರಿಷಿಯನ್ ಅದರಲ್ಲೇ ತಳ್ಳುತ್ತೀನಿ ಅಂತಾನೆ, ಬಿಡಲೇ ಅಂತ. ಬಿಡಬೇಡಿ ಯಜಮಾನ್ರೇ ಅಂದೆ. ಒಂದೋ ಇರುವ ಐದನ್ನೂ ಹೊರಗೆ ಎಳೆದು, ಯಾವುದು ಕೆಲಸಕ್ಕೆ ಬಾರದ್ದು ಅಂತ ನೋಡಿ, ಪೈಪಿಗೆ ಆಗುವಷ್ಟನ್ನು ಮಾತ್ರ ಒಟ್ಟಿಗೆ ವಾಪಸ್ ಎಳೆಯಬೇಕು, ಮತ್ತು ಗೀಸರ್ ಲೈನು ಲೈಟಿನ ವೈರುಗಳ ಜೊತೆ ಬರಲೇಬಾರದು. ಇಲ್ಲಾ ಅಂದರೆ ಗೋಡೆ ಮೇಲೆ ಕೇಸಿಂಗ್ ಕ್ಯಾಪಿಂಗ್, ಅಂದರೆ ಮುಚ್ಚಳವಿರುವ ಪ್ಲಾಸ್ಟಿಕ್ ಪಟ್ಟಿ, ಹೊಡೆಸಿ ಗೀಸರಿನ ಮೂರು ವೈರನ್ನು ಬೇರೆಯಾಗಿ ತಗೊಂಡು ಹೋಗಬೇಕು. ಅವರು ಸ್ವಲ್ಪ ಹೊತ್ತು ಯೋಚಿಸಿ, ಪಟ್ಟಿ ಹೊಡೆದರೆ ಹಾಲ್‌ನಲ್ಲಿ ಚೆಂದ ಕಾಣಲ್ಲ ಅಂತ ಮನೇಲಿ ಬೈತಾರಲ್ಲ ಅಂದರು. ಗೋಡೆಯ ಬಣ್ಣವನ್ನೇ ಅದಕ್ಕೂ ಹೊಡೆಸಿ ಅಂದೆ, ಮೂಲೆ ಹಿಡಿದು ಹೋದರೆ ಒಂದು ವಾರದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ.